ಉಪ್ಪಿನಕಾಯಿ ಸಮೇತ ಕೆನಡಾಕ್ಕೆ

ಯೂನಿಫಾರ್ಮ್ ತೊಟ್ಟವರನ್ನು ಕಂಡರೆ ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುವ ಕಾಯಿಲೆ ನನಗಿದೆ. ಇದು ಕಾನ್ವೆಂಟಿನ ಕೊಡುಗೆ. ಬೆಳಗಿನ ಅಸೆಂಬ್ಲಿಯಲ್ಲಿ ಸಿಸ್ಟರ್ ಒಬ್ಬೊಬ್ಬರ ಉಗುರು ನೋಡುತ್ತಾ ಬರುವಾಗ, ಹಿಂದಿನ ದಿನವಷ್ಟೇ ಕತ್ತರಿಸಿಕೊಂಡಿದ್ದ ನಾನು ಅವರು ಹತ್ತಿರ ಬರುವ ಮೊದಲೇ “ಸಾರಿ, ಸಿಸ್ಟರ್” ಎನ್ನುತ್ತಿದ್ದೆ. ಆ ಸಿಸ್ಟರ್ ಈಗಿಲ್ಲ. ಅಸೆಂಬ್ಲಿಯ ಮೈದಾನದಲ್ಲಿ ಯಾವುದೋ ಕಟ್ಟಡ ಎದ್ದಿದೆಯಂತೆ. ಕಾಯಿಲೆ ಮಾತ್ರ ನನ್ನ ಜೊತೆ ಟೆಕ್ಸಸ್ಸಿಗೂ ಬಂತು.

ನಮ್ಮ ಫ್ಲೂಗರ್‌ವಿಲ್‌ನಲ್ಲಿ ಜುಲೈ ತಿಂಗಳ ಸುಡುಬಿಸಿಲಲ್ಲಿ ಔಟ್‌ಡೋರ್ ರಿಕ್ರಿಯೇಷನ್ ಎಂದರೆ ಕಾರಿನಿಂದ ಅಂಗಡಿಯ ಬಾಗಿಲಿಗೆ ಓಡುವುದು. ಹಾಗಾಗಿ ಮಗಳು ಶುಭಾ “ಅಮ್ಮಾ, ಡೆಟ್ರಾಯಿಟ್‌ಗೆ ಹೋಗೋಣ. ನದಿ ಇದೆ, ಗಾಳಿ ಇದೆ, ಎದುರು ದಡದಲ್ಲೇ ಕೆನಡಾ” ಎಂದಾಗ ಹಿಗ್ಗಿಹೋದೆ. ಆದರೆ ಕೆನಡಾವನ್ನು ದೂರದಿಂದ ನೋಡುವುದಷ್ಟೇ ಎಂದು ಷರತ್ತು ಹಾಕಿದೆ. ವಾಪಸ್ ಬಂದ ವಾರವೇ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಮೂರು ತಿಂಗಳು ಪ್ರಶ್ನೋತ್ತರ ಉರು ಹೊಡೆದದ್ದು ನೀರುಪಾಲಾಗಬಾರದಲ್ಲ! ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಎರಡನ್ನೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಭದ್ರವಾಗಿಟ್ಟು ಹೊರಟೆ.

ಡೆಟ್ರಾಯಿಟ್‌ನ ನದಿ ದಡದಲ್ಲಿ ಎಂಥಾ ಗಾಳಿ! ನನ್ನ ಸೆರಗು ಬಾವುಟವಾಯಿತು. ನಮ್ಮ ಇಡೀ ಬೀದಿಯಷ್ಟು ಉದ್ದದ ಹಡಗೊಂದು ಸದ್ದಿಲ್ಲದೆ ಸಾಗಿತು. ಒಂಬತ್ತು ವರ್ಷದ ಮೊಮ್ಮಗಳು ಮೀರಾ ಅದಕ್ಕೆ ಕೈ ಬೀಸಿದಳು. ನಾನು ಎರಡೂ ಕೈ ಬೀಸಿದೆ. ನಮ್ಮವರು ಇದ್ದಿದ್ದರೆ ಹಡಗಿನ ತೂಕ ಅಂದಾಜು ಮಾಡುತ್ತಾ ಅಲ್ಲೇ ನಿಂತುಬಿಡುತ್ತಿದ್ದರು.

ಮಧ್ಯಾಹ್ನ ಮೊಸರನ್ನ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ನದಿಯ ನಡುವಿನ ದ್ವೀಪದ ಪಾರ್ಕಿಗೆ ಹೊರಟೆವು. ಕಾರಿನಲ್ಲಿ ನನಗೆ ಜೊಂಪು. ಕಣ್ಣು ಬಿಟ್ಟರೆ ಉದ್ದನೆಯ ಸೇತುವೆಯೊಂದನ್ನು ದಾಟಿ ಇಳಿಯುತ್ತಿದ್ದೇವೆ. ಶುಭಾ ನಮ್ಮಿಬ್ಬರನ್ನು ಮರದ ನೆರಳಲ್ಲಿ ಇಳಿಸಿ, ಕಾರು ಪಾರ್ಕ್ ಮಾಡಲು ಹೋದಳು. ಆಗಲೇ ನನ್ನ ಫೋನ್ ಟಿಂಗ್ ಎಂದಿತು: “ವೆಲ್‌ಕಮ್ ಟು ಕೆನಡಾ.”

ಕನ್ನಡಕ ಏರಿಸಿ ಇನ್ನೊಮ್ಮೆ ಓದಿದೆ.

“ಮೀರಾ, ನಾವು ಆಚೆ ಬಂದ್ಬಿಟ್ವೇನೇ?”

“ಆಫ್ ಕೋರ್ಸ್, ಅಜ್ಜಿ!” ಮೀರಾ ಹುಲ್ಲಿನ ಮೇಲೆ ಗಿರಕಿ ಹೊಡೆದಳು. “ವಿ ಆರ್ ಟೋಟಲಿ ಆಚೆ!”

ಮುಗಿಯಿತು, ಇಂಟರ್‌ವ್ಯೂ ಹೋಯಿತು. ಪರದೇಶ, ಪಾಸ್‌ಪೋರ್ಟ್ ಇಲ್ಲ, ಮೇಲೆ ಡಿಕ್ಲೇರ್ ಮಾಡದ ಉಪ್ಪಿನಕಾಯಿ. ಅಷ್ಟರಲ್ಲಿ ಯೂನಿಫಾರ್ಮ್ ತೊಟ್ಟ ಪಾರ್ಕ್ ರೇಂಜರ್ ಒಬ್ಬ ಎದುರಿಗೆ ಬಂದ. ನನ್ನ ಕಾಯಿಲೆ ಕೆರಳಿತು. ಉಪ್ಪಿನಕಾಯಿ ಬಾಟಲಿಯನ್ನು ಅವನ ಮುಂದೆ ಚಾಚಿ, “ಆಫೀಸರ್, ಐ ಹ್ಯಾವ್ ಎಂಟರ್ಡ್ ಯುವರ್ ಕಂಟ್ರಿ ವಿದೌಟ್ ಪೇಪರ್ಸ್. ದಿಸ್ ಈಸ್ ಪಿಕಲ್. ದಿ ಚೈಲ್ಡ್ ಈಸ್ ಇನ್ನೊಸೆಂಟ್” ಎಂದೆ.

ಅವನು ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ. “ಮ್ಯಾಮ್, ದಿಸ್ ಈಸ್ ಮಿಷಿಗನ್. ಕೆನಡಾ ಈಸ್ ಓವರ್ ದೇರ್. ಸೌತ್.” ಆ ದಡದ ಟವರು ಈ ದಡದ ಫೋನುಗಳನ್ನೂ ಹಿಡಿದುಕೊಳ್ಳುತ್ತದಂತೆ. ಗಾಬರಿಯಾದವರನ್ನು ಅವನು ಬೇಕಾದಷ್ಟು ನೋಡಿದ್ದಾನಂತೆ. ಉಪ್ಪಿನಕಾಯಿ ಒಪ್ಪಿಸಿದವಳು ಮಾತ್ರ ನಾನೇ ಮೊದಲಂತೆ.

ಅಲ್ಲಿಗೆ ಥ್ಯಾಂಕ್ಯೂ ಹೇಳಿ ಸುಮ್ಮನಾಗಬಹುದಿತ್ತು. “ಸೌತ್? ಇಂಪಾಸಿಬಲ್! ಕೆನಡಾ ಈಸ್ ನಾರ್ತ್. ಐ ಗಾಟ್ ದಿ ಜಿಯಾಗ್ರಫಿ ಪ್ರೈಜ್” ಎಂದು ವಾದಕ್ಕಿಳಿದೆ. ಪಾಪ, ಅವನು ಫೋನಿನ ದಿಕ್ಸೂಚಿ ತೆರೆದು ತೋರಿಸಿದ. ನದಿ ಇಲ್ಲಿ ತಿರುವು ತೆಗೆದುಕೊಂಡು, ನಮ್ಮ ಅಟ್ಲಾಸನ್ನು ಲೆಕ್ಕಿಸದೆ ಕೆನಡಾವನ್ನು ದಕ್ಷಿಣಕ್ಕಿಟ್ಟುಬಿಟ್ಟಿದೆ.

ಶುಭಾ ಬಂದವಳು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಾ, ಇವಳಿಗೆ ಆಚೆ ಅಂದ್ರೆ ಔಟ್‌ಸೈಡ್ ಅಷ್ಟೇ! ಹಗಲೂ ರಾತ್ರಿ ಎ.ಸಿ. ರೂಮಲ್ಲಿ ಕೂತಿದ್ದ ಮಗು, ಮರದ ಕೆಳಗೆ ನಿಂತಿದೀವಿ ಅಂತ ಖುಷಿಯಾಗಿ ಹೇಳಿದಾಳೆ.” ಅಮೆರಿಕದಲ್ಲಿ ಕುಳಿತು ಕೆನಡಾ ನೋಡುತ್ತಾ ತಿಂದ ಆ ಮೊಸರನ್ನದ ರುಚಿಯೇ ಬೇರೆ.

ಮರುವಾರ ಇಂಟರ್‌ವ್ಯೂನಲ್ಲಿ ಆಫೀಸರಮ್ಮ ಕೇಳಿದರು: ಅರ್ಜಿ ಹಾಕಿದ ಮೇಲೆ ದೇಶದ ಹೊರಗೆ ಹೋಗಿದ್ದೀರಾ? ಸೇತುವೆಯಿಂದ ದಿಕ್ಸೂಚಿಯವರೆಗೆ ಎಲ್ಲವನ್ನೂ ಹೇಳಿದೆ. ಪಾಸಾದೆ.

ಹೊರಗೆ ಕಾದಿದ್ದ ಶುಭಾ, “ಎಲ್ಲರೂ ಬೇಗ ಬಂದ್ರು, ನೀನ್ಯಾಕಮ್ಮ ಇಷ್ಟು ಹೊತ್ತು?” ಎಂದಳು.

“ತುಂಬಾ ಇಂಟರೆಸ್ಟ್ ಇಟ್ಟು ಕೇಳಿದ್ರು ಕಣೇ” ಎಂದೆ. ನಾನು ಮೊದಲು ಬಾಯಿ ತೆರೆದು ‘ನೋ, ಬಟ್’ ಎಂದಾಗಲೇ ಆಕೆ ‘ನೋ’ ಎಂದು ಗುರುತು ಹಾಕಿ ಪುಟ ತಿರುಗಿಸಿದ್ದರೆಂಬುದನ್ನು ಶುಭಾಗೆ ಇನ್ನೂ ಹೇಳಿಲ್ಲ.