ಮೊರಾಕ್ಕೊ ನೋಡಿಬಂದ ಹೆಪ್ಪು

ಪ್ರವಾಸ ಮಾಡುವುದು ಹೇಗೆಂದು ಶಿಕಾಗೊ ಬಳಿಯ ಇಡೀ ನೇಪರ್‌ವಿಲ್‌ನಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾನು ನಂಬಿದ್ದೆ. ನಮ್ಮ ಬಡಾವಣೆಯ ಉಳಿದ ಕನ್ನಡಿಗರದು ಬೇಸಿಗೆ ಬಂತೆಂದರೆ ಅದೇ ಜಲಪಾತ, ಅದೇ ಕ್ರೂಸು, ಮನೆಮಂದಿಗೆಲ್ಲ ಒಂದೇ ಬಣ್ಣದ ಟೀ ಶರ್ಟು. ಥೂ! ಹೀಗಾಗಿ ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಹೆಂಡತಿ ವೀಣಾ, "ರೀ, ಮೊರಾಕ್ಕೊಗೆ ಹೋಗೋಣ. ಹಳೇ ಊರುಗಳನ್ನ ನೋಡಿ, ಕೊನೆಗೆ ಸಮುದ್ರದ ಕೋಟೆ ಮೇಲೆ ಇಬ್ರೂ ಕೂತು ಸೂರ್ಯ ಮುಳುಗೋದು ನೋಡೋಣ. ನಂಗೆ ಅಷ್ಟೇ ಸಾಕು" ಎಂದಾಗ ಕೂಡಲೇ ಒಪ್ಪಿದೆ.

ಒಂದೇ ಒಂದು ಅಡ್ಡಿಯಿತ್ತು. ಹೆಪ್ಪು.

ನಾನು ಈ ದೇಶಕ್ಕೆ ಹೊರಟಾಗ ಅಮ್ಮ ಮೈಸೂರಿನ ಮನೆಯ ಮೊಸರನ್ನು ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಮುಚ್ಚಳದ ಮೇಲೆ ಅವರ ಹೆಸರು ಕೊರೆದಿದೆ. ಅಂದಿನಿಂದ ಆ ಮೊಸರಿನಿಂದ ಹೆಪ್ಪು, ಆ ಹೆಪ್ಪಿನಿಂದ ಮೊಸರು. ವಂಶ ಕಡಿದಿಲ್ಲ! ಮೂರು ದಿನ ಹಾಲು ಕಾಣದಿದ್ದರೆ ಅದು ಹಾಳಾಗುತ್ತದೆಂಬುದು ನನ್ನ ಸಿದ್ಧಾಂತ.

ನಾವಿಲ್ಲದಾಗ ಇದನ್ನು ನೋಡಿಕೊಳ್ಳುವವರು ಯಾರು? ಕಾಲೇಜಿನಲ್ಲಿರುವ ಮಗಳಿಗೆ ಫೋನು ಮಾಡಿದೆ. "ಅಪ್ಪಾ, ಇಟ್ಸ್ ಜಸ್ಟ್ ಯೋಗರ್ಟ್!" ಎಂದು ಇಟ್ಟೇಬಿಟ್ಟಳು. ಇನ್ನುಳಿದವರು ಮಿಶಿಗನ್ ರಾಜ್ಯದ ವಾರೆನ್‌ನಲ್ಲಿ ಕಾರು ಡಿಸೈನ್ ಮಾಡುವ ನನ್ನ ಷಡ್ಡಕ ಶ್ರೀಧರ, ಅಂದರೆ ವೀಣಾಳ ಅಕ್ಕ ಉಷಕ್ಕನ ಯಜಮಾನರು. ಆ ಮಹಾಶಯರ ಮನೆಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ಮೊಸರಿನಿಂದ ಹೆಪ್ಪು ಹಾಕುತ್ತಾರೆ! ಅಂಥವರ ಕೈಗೆ ನಮ್ಮಮ್ಮನ ಹೆಪ್ಪೇ?

"ಬಿಟ್ಬಿಡಿ ರೀ. ಹಾಳಾದ್ರೆ ಬಂದ್ಮೇಲೆ ಅಕ್ಕನ ಮನೆಯಿಂದ ತಂದ್ರಾಯ್ತು" ಎಂದಳು ವೀಣಾ.

"ಆ ಅಂಗಡಿ ಮೊಸರನ್ನಾ? ನನ್ನ ನಾಲಿಗೆ ಇನ್ನೂ ಸತ್ತಿಲ್ಲ!"

ವೀಣಾ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಹೀಗೆ ಹೆಪ್ಪು ನಮ್ಮೊಡನೆ ಮೊರಾಕ್ಕೊಗೆ ಹೊರಟಿತು.

ಶಿಕಾಗೊ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿಣಿಯೊಬ್ಬರು ಡಬ್ಬಿ ಎತ್ತಿ, ಏನಿದು ಎಂದು ಕೇಳಿದರು. "ಮೊಸರು" ಎಂದು ಸುಮ್ಮನಾಗಬಹುದಿತ್ತು. ಆದರೆ ನನಗೆ ಅಭಿಮಾನ ಉಕ್ಕಿತು. "ಇದು ಮಾಮೂಲಿ ಪದಾರ್ಥವಲ್ಲ, ಮೇಡಂ. ಇದಕ್ಕೆ ಜೀವವಿದೆ. ಬೆಚ್ಚಗಿಟ್ಟರೆ ಬೆಳೆಯುತ್ತದೆ" ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಇನ್ನೂ ಮೂವರು ಬಂದರು. ಡಬ್ಬಿಯನ್ನೂ ನನ್ನನ್ನೂ ಸಮಾನ ಗೌರವದಿಂದ ಒರೆಸಿ ಪರೀಕ್ಷಿಸಿ, ಕೊನೆಗೆ ಇಬ್ಬರನ್ನೂ ಬಿಟ್ಟರು. ವೀಣಾ ನಮ್ಮಿಬ್ಬರ ಪರಿಚಯವೇ ಇಲ್ಲದವಳಂತೆ ದೂರದಲ್ಲಿ ನಿಂತಿದ್ದಳು.

ಮೊರಾಕ್ಕೊದಲ್ಲಿ ನಾವು ಮೊದಲು ಇಳಿದ ಫೆಜ್ ಎಂಬುದು ಸಾವಿರ ವರ್ಷ ದಾಟಿದ ನಗರ. ಎದುರಿಂದ ಕತ್ತೆ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕಾದ ಗಲ್ಲಿಗಳು, ಚರ್ಮ ಹದ ಮಾಡುವ ಬಣ್ಣಬಣ್ಣದ ತೊಟ್ಟಿಗಳು, ಹಳೆಯ ವಿದ್ಯಾಶಾಲೆಗಳು ಅಲ್ಲಿವೆಯಂತೆ. "ಅಂತೆ" ಏಕೆಂದರೆ ನೋಡಿದವಳು ವೀಣಾ. ನಾನು ನಮ್ಮ ವಸತಿಗೃಹದ ಕೋಣೆಯಲ್ಲಿ ಹಾಲು ಕಾಯಿಸುತ್ತಿದ್ದೆ, ಅದೂ ಚಹದ ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲಿನಲ್ಲಿ! ಹಾಲು ಉಕ್ಕಿ ಮೇಜಿನ ಮೇಲೆ ಹರಿಯಿತು. ಉಳಿದದ್ದು ತಳ ಹತ್ತಿತು. ಸೀದ ವಾಸನೆಗೆ ಮನೆಯೊಡತಿ ಖದೀಜಾ ಓಡಿ ಬಂದರು. ನನ್ನ ಕಷ್ಟ ಕೇಳಿ, ನಕ್ಕು, ಕೆಳಗಿನಿಂದ ಒಂದು ಗಾಜಿನ ಲೋಟ ತಂದಿಟ್ಟರು. ಅದರ ತುಂಬ ಗಟ್ಟಿಯಾದ, ಬೆಳ್ಳಗಿನ ಮೊಸರು. ಆ ಊರಿನ ಪ್ರತಿ ಬೀದಿಯಲ್ಲೂ ಅದು ಸಿಗುತ್ತದಂತೆ.

"ಎಷ್ಟು ಚೆನ್ನಾಗಿದೆ ರೀ, ತಿಂದು ನೋಡಿ" ಎಂದಳು ವೀಣಾ.

"ಇರಬಹುದು. ಆದ್ರೆ ವಂಶ ಗೊತ್ತಿಲ್ವಲ್ಲ" ಎಂದೆ.

ಆಮೇಲೆ ರಬಾತ್. ಅಲ್ಲಿ ವೀಣಾ ಕೋಟೆ ನೋಡಿದಳು, ನಾನು ಹಾಲಿನಂಗಡಿ ನೋಡಿದೆ.

ಕೊನೆಯ ಊರು ಎಸ್ಸವೀರಾ. ನೀಲಿ ದೋಣಿಗಳು, ಕೋಟೆಗೋಡೆಯ ಮೇಲೆ ಸಾಲಾಗಿ ಫಿರಂಗಿಗಳು, ಅದರಾಚೆ ಅಟ್ಲಾಂಟಿಕ್. ಜೊತೆಗೆ ಟೋಪಿ ಹಾರಿಸುವ ಗಾಳಿ. ವೀಣಾ ಇಪ್ಪತ್ತೈದು ವರ್ಷಕ್ಕೊಮ್ಮೆ ಕೇಳಿದ್ದ ಸಂಜೆ ಅದು. ಗೋಡೆಯ ಮೇಲೆ ಇಬ್ಬರೂ ಕೂತೆವು. ಸೂರ್ಯ ನೀರಿಗೆ ಇನ್ನು ಒಂದು ಗೇಣು. ನನ್ನ ತಲೆಯಲ್ಲಿ ಮಾತ್ರ ಒಂದೇ ಯೋಚನೆ: ಈ ಥಂಡಿಗೆ ಕೋಣೆಯಲ್ಲಿರುವ ಹಾಲು ಹೆಪ್ಪುಗಟ್ಟುವುದುಂಟೆ?

"ವೀಣಾ, ನಿನ್ನ ಶಾಲು ಕೊಡು."

"ಯಾಕೆ, ಚಳೀನಾ?"

"ನನಗಲ್ಲ. ಡಬ್ಬಿಗೆ."

ಅವಳು ನನ್ನ ಮುಖವನ್ನೇ ನೋಡಿದಳು. ಶಾಲು ತೆಗೆದುಕೊಟ್ಟಳು. ನಾನು ಓಡಿದೆ.

ಕೋಣೆಯ ಬಾಗಿಲು ತೆರೆದಿತ್ತು. ಸ್ವಚ್ಛ ಮಾಡುವ ಹೆಂಗಸು ಆಗಷ್ಟೇ ಕೆಲಸ ಮುಗಿಸಿದ್ದರು. ಯಾರೋ ಪಾಪ, ಕೆಟ್ಟ ಹಾಲು ಬಿಟ್ಟುಹೋಗಿದ್ದಾರೆಂದು ಎಲ್ಲವನ್ನೂ ಚೆಲ್ಲಿ, ಡಬ್ಬಿಯನ್ನು ಮುಖ ಕಾಣುವಂತೆ ತಿಕ್ಕಿ ತೊಳೆದು, ತಮ್ಮ ಪ್ರೀತಿಗೆ ಅದರಲ್ಲಿ ಖರ್ಜೂರ ತುಂಬಿಟ್ಟಿದ್ದರು. "ಅಯ್ಯೋ ಅಮ್ಮಾ!" ಎಂದು ಕೂಗಿದೆ. ಹಸಿವೆಂದುಕೊಂಡು ಆಕೆ ಒಂದು ಖರ್ಜೂರ ನನ್ನ ಕೈಗಿಟ್ಟರು. ತಿಂದೆ. ಇನ್ನೇನು ಮಾಡಲಿ?

ವಾಪಸು ಬಂದ ಮೇಲೆ ವೀಣಾ ನನ್ನನ್ನು ವಾರೆನ್‌ಗೆ, ಅಕ್ಕನ ಮನೆಗೆ ಕರೆದುಕೊಂಡು ಹೋದಳು. ಊಟದ ಮೇಜಿನಲ್ಲಿ ಅವಳ ಫೋಟೋಗಳನ್ನು ನೋಡುತ್ತ ಶ್ರೀಧರ, "ಸೂರ್ಯಾಸ್ತ ಸೂಪರ್! ಅಲ್ರೀ, ಇದರಲ್ಲಿ ನೀವೆಲ್ಲಿ?" ಎಂದರು. ನಾನು ನಿಟ್ಟುಸಿರಿಟ್ಟು ಇಡೀ ದುರಂತ ಹೇಳಿದೆ. ಅಮ್ಮನ ಹೆಪ್ಪು, ಮೈಸೂರಿನ ರುಚಿ, ಕಡಿದುಹೋದ ವಂಶ!

ಉಷಕ್ಕ ಸೌಟು ಹಿಡಿದು ಹಾಗೇ ನಿಂತರು. "ಅದು ನಮ್ಮನೇ ಹೆಪ್ಪಲ್ವಾ? ನೀವೊಬ್ರೇ ಇಂಡಿಯಾಗೆ ಹೋದಾಗ ಫ್ರಿಜ್ ಕೆಟ್ಟು ನಿಮ್ದು ಹಾಳಾಯ್ತು ಅಂತ ವೀಣಾ ಇಲ್ಲಿಂದ ತಗೊಂಡು ಹೋಗಿದ್ಲಲ್ಲ. ಆಗ್ಲೇ ಐದಾರು ವರ್ಷ ಆಯ್ತು!"

ನಾನು ವೀಣಾಳತ್ತ ತಿರುಗಿದೆ. ಅವಳು ಶಾಂತವಾಗಿ ಹಪ್ಪಳ ಮುರಿದಳು.

"ನೀವು ವಾಪಸ್ ಬಂದ ದಿನಾನೇ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಒಂದು ತುತ್ತು ಮೊಸರನ್ನ ತಿಂದು, 'ಅಮ್ಮನ ಕೈರುಚಿ' ಅಂತ ಕಣ್ಣೀರು ಹಾಕಿದ್ರಿ. ಹೇಗೆ ಹೇಳ್ಲಿ?"

"ಮೊರಾಕ್ಕೊದಲ್ಲಾದ್ರೂ ಹೇಳಬಾರದಿತ್ತಾ?"

"ಕೋಟೆ ಮೇಲೆ ಹೇಳೋಣ ಅಂತಾನೇ ಇದ್ದೆ. ನೀವು ಶಾಲು ಕಿತ್ಕೊಂಡು ಓಡಿದ್ರಿ. ಹೋಗ್ಲಿ, ಸಮುದ್ರನಾದ್ರೂ ನೆಮ್ಮದಿಯಾಗಿ ನೋಡೋಣ ಅಂತ ಸುಮ್ನಾದೆ."

ಶ್ರೀಧರ ಬಹಳ ಸಭ್ಯ ಮನುಷ್ಯ. ನಗಲಿಲ್ಲ, ಕೆಮ್ಮಿದರು. ಮೇಜಿನ ಕೆಳಗಿಂದ ನಾನು ಮೆಲ್ಲಗೆ ಸ್ಟೀಲ್ ಡಬ್ಬಿ ತೆಗೆದೆ. "ಭಾವ, ಒಂದು ಚಮಚ ಹೆಪ್ಪು ಸಿಗುತ್ತಾ?"

ವಾಪಸು ಬರುವಾಗ ವೀಣಾ ಡ್ರೈವ್ ಮಾಡುತ್ತಿದ್ದಳು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಮಿಶಿಗನ್ ಮುಗಿಯುವ ಹೊತ್ತಿಗೆ ಹೆದ್ದಾರಿಯ ನೇರಕ್ಕೆ ಆಕಾಶ ಕೆಂಪೇರಿತು.

"ರೀ, ಇಲ್ಲಾದ್ರೂ ನೋಡಿ. ಸೂರ್ಯ ಮುಳುಗ್ತಾ ಇದಾನೆ" ಎಂದಳು.

"ನೋಡ್ತೀನಿ, ಮೊದ್ಲು ಆ ಎಸಿ ಕಮ್ಮಿ ಮಾಡು" ಎಂದೆ. "ಹೆಪ್ಪಿಗೆ ಥಂಡಿಯಾಗುತ್ತೆ."