ಟೀವಿಯವರು ಹುಡುಕಿದ ನಮ್ಮ ಕಾನ್ವೆಂಟಿನ ಗುಟ್ಟು

ಎತ್ತರದ ಕಾಂಪೌಂಡು ಇರುವ ಯಾವ ಜಾಗದಲ್ಲೂ ಏನೋ ಗುಟ್ಟು ಇದೆಯೆಂದು ಹೊರಗಿನವರಿಗೆ ಅನ್ನಿಸುತ್ತಲೇ ಇರುತ್ತದೆ. ಹೈದರಾಬಾದಿನ ಮಲ್ಕಾಜ್‌ಗಿರಿ ಕಡೆಯ ಒಂದು ಕಾನ್ವೆಂಟಿನ ಹುಡುಗಿಯರ ಹಾಸ್ಟೆಲಿಗೆ ನಾನು ಬಹುಕಾಲದಿಂದ ಮೇಟ್ರನ್. ಓದಿದ್ದೂ ಕಾನ್ವೆಂಟಿನಲ್ಲೇ. ಮನೆಯಲ್ಲಿ ಕೊರಳಿಗೆ ಲಿಂಗ, ಶಾಲೆಯಲ್ಲಿ ಗೋಡೆಗೆ ಶಿಲುಬೆ. ಎರಡರ ಮುಂದೆಯೂ ಬೆನ್ನು ನೆಟ್ಟಗೆ ಮಾಡಿಯೇ ಕೂತವಳು. ನನಗೆ ಗೊತ್ತಿಲ್ಲದ ಗುಟ್ಟು ಅಲ್ಲಿ ಇರಲು ಸಾಧ್ಯವಿಲ್ಲ. ಆದರೂ ಈ ಜನವರಿಯಲ್ಲಿ ಟೀವಿಯವರು ಒಂದನ್ನು ಹುಡುಕಿಕೊಂಡು ಬಂದರು.

ಕಾರಣ ಒಂದು ಸಿನಿಮಾ. ಕ್ಯಾಥೋಲಿಕ್ ಪಾದ್ರಿಗಳ ಗುಪ್ತ ಸಂಘವೊಂದರ ಕಥೆಯಂತೆ. ತೆಲುಗಿಗೆ ಡಬ್ ಆಗಿ ಬರುವುದಿತ್ತು. ಅದು ತೆರೆಗೆ ಬರುವ ಮೊದಲೇ ಊರಿನ ಚಾನೆಲ್ಲುಗಳೆಲ್ಲ, “ಅಂಥ ಸಂಘ ನಮ್ಮ ಹೈದರಾಬಾದಿನಲ್ಲೂ ಇದೆಯೇ?” ಎಂದು ಕೂಗತೊಡಗಿದವು.

ಪೇರಲ ಹಣ್ಣು

ಆ ದಿನ ನಾನು ಹಾಸ್ಟೆಲಿನ ದಿಂಬುಗಳಿಗೆ ಬಟ್ಟೆ ತರಲು ಕೋಠಿ ಬಜಾರಿಗೆ ಹೋಗಿದ್ದೆ. ನಾನಿದ್ದಿದ್ದರೆ ಇದು ಆಗುತ್ತಿರಲಿಲ್ಲ.

ನಮ್ಮ ಸಿಸ್ಟರುಗಳು ವರ್ಷಕ್ಕೊಮ್ಮೆ ಎಂಟು ದಿನ ಮೌನವ್ರತ ಹಿಡಿಯುತ್ತಾರೆ. ಧ್ಯಾನ, ಪ್ರಾರ್ಥನೆ, ತೋಟದಲ್ಲಿ ನಡಿಗೆ ಅಷ್ಟೇ, ಮಾತು ಇಲ್ಲ. ಆ ಎಂಟು ದಿನದ ನಡುವೆಯೇ ಒಬ್ಬ ವರದಿಗಾರ್ತಿ ಕ್ಯಾಮೆರಾದವನೊಂದಿಗೆ ಒಳಗೆ ಬಂದು, ನಮ್ಮ ಹಿರಿಯ ಸಿಸ್ಟರ್ ಒಬ್ಬರ ಮುಂದೆ ಮೈಕು ಹಿಡಿದಳು.

“ಸಿಸ್ಟರ್, ನಿಮ್ಮಲ್ಲಿ ಗುಪ್ತ ಸಂಘ ಇದೆಯೇ?”

ಸಿಸ್ಟರ್ ನಕ್ಕರು.

“ಇದೆಯೋ ಇಲ್ಲವೋ?”

ಸಿಸ್ಟರ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಬಿಸಿಲಲ್ಲಿ ಬಂದ ಹುಡುಗಿ, ಬರಿಗೈಲಿ ಕಳಿಸಬಾರದೆಂದು ಮರದಿಂದ ಒಂದು ಪೇರಲ ಹಣ್ಣು ಕಿತ್ತು ಅವಳ ಕೈಗಿಟ್ಟು ಮುಂದೆ ನಡೆದರು.

ಸಂಜೆ ಚಾನೆಲ್ಲಿನಲ್ಲಿ ಆ ಹಣ್ಣಿನ ಸುತ್ತ ಕೆಂಪು ವೃತ್ತ ಎಳೆದು ತೋರಿಸಿದರು. “ಪ್ರಶ್ನೆಗೆ ಉತ್ತರ ಪೇರಲ! ಇದು ಯಾರಿಗೆ ಯಾರು ಕೊಟ್ಟ ಸಂಕೇತ?”

ನಾನು ವರದಿಗಾರ್ತಿಗೆ ಫೋನ್ ಮಾಡಿ, ಹಣ್ಣು ಏನಾಯಿತೆಂದು ಕೇಳಿದೆ.

“ಕ್ಯಾಮೆರಾದವನು ತಿಂದ ಮೇಡಂ. ಸಿಹಿ ಇತ್ತಂತೆ.”

“ಸಾಕ್ಷ್ಯ ನಾಶ,” ಎಂದು ಫೋನಿಟ್ಟೆ.

ಅಜ್ಜಿಯ ಉಪವಾಸ

ನಗು ಅಲ್ಲಿಗೇ ನಿಂತಿತು. ಮರುದಿನ ಬೆಳಿಗ್ಗೆ ರಾಯಚೂರು ಕಡೆಯಿಂದ ಒಬ್ಬ ತಂದೆಯ ಫೋನು. ಅವರ ಮಗಳು ನಮ್ಮಲ್ಲಿ ಹತ್ತನೆಯ ತರಗತಿ. ಲೆಕ್ಕದಲ್ಲಿ ಮೊದಲು, ಆ ಮನೆಯಲ್ಲಿ ಹತ್ತನೆಯವರೆಗೆ ಬಂದ ಹುಡುಗಿಯರಲ್ಲೂ ಮೊದಲು. ಪರೀಕ್ಷೆಗೆ ಎರಡು ತಿಂಗಳು ಬಾಕಿ.

“ಬಾಯಾರ, ಟೀವ್ಯಾಗ ನಿಮ್ಮ ಸಿಸ್ಟರಾರ್ನ ತೋರಿಸಾಕತ್ತಾರ್ರಿ. ನಮ್ಮವ್ವ ಊಟಾನ ಬಿಟ್ಟಾಳ. ಮೊಮ್ಮಗಳ್ನ ಕರ್ಕೊಂಡ ಬಾ, ಮದುವಿ ಮಾಡಿ ಮುಗಿಸೂಣು ಅಂತಾಳ್ರಿ.”

“ನೀವು ಏನಂತೀರಿ?”

“ನಾ ಏನನ್ಲಿರಿ? ನಾ ಊಟ ಮಾಡಾಕತ್ತೀನಿ, ಅದಕ್ಕ ನನ್ನ ಮಾತು ಯಾರೂ ಕೇಳವಲ್ರು. ಶನಿವಾರ ಬರ್ತೀನ್ರಿ.”

ಸುದ್ದಿ ಕೇಳಿ ಹುಡುಗಿ ಟ್ರಂಕು ಮಂಚದ ಕೆಳಗಿಂದ ಎಳೆದಳು. ಇಂಥ ಮನೆಗಳಿಗೆ ಒಮ್ಮೆ ಹೋದ ಟ್ರಂಕು ಮತ್ತೆ ಬರುವುದಿಲ್ಲ, ಅದನ್ನು ನಾನು ಬಲ್ಲೆ. ಅವಳು ಮೊದಲು ತುಂಬಿದ್ದು ಲೆಕ್ಕದ ಪುಸ್ತಕ. ಬಟ್ಟೆ ಮೇಲಿಟ್ಟಳು. “ಭಾರವಾದದ್ದು ಕೆಳಗೆ, ಅದಾದರೂ ಸರಿಯಾಗಿ ಕಲಿತಿದ್ದೀಯ,” ಎಂದೆ.

ಬಿಳಿ ಬಟ್ಟೆ ಹೊದ್ದವರು

ಶುಕ್ರವಾರ ಅದೇ ತಂಡ ಮತ್ತೆ ಬಂತು. ಈ ಸಲ ನಮ್ಮ ಹಿಂದಿನ ಕೋಣೆಯ ಕಿಟಕಿಗೆ ಕ್ಯಾಮೆರಾ ಹಚ್ಚಿ ನಿಂತಿದ್ದರು. ವರದಿಗಾರ್ತಿ ಮೈಕಿಗೆ ಪಿಸುಗುಟ್ಟುತ್ತಿದ್ದಳು. “ವೀಕ್ಷಕರೇ, ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಆಕೃತಿಗಳು... ಅಲುಗಾಡುತ್ತಿಲ್ಲ...”

“ಅಲುಗಾಡಿದರೆ ನಾನೂ ಹೆದರುತ್ತೇನೆ,” ಎಂದು ನಾನು ಬಾಗಿಲ ಬೀಗ ತೆಗೆದೆ. “ಚಪ್ಪಲಿ ಹೊರಗೆ.”

ಆಕೃತಿಗಳಿಗೆ ಸುತ್ತಿದ ಬಟ್ಟೆ ಬಿಚ್ಚಿದರು. ಕ್ರಿಸ್‌ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಗೊಂಬೆಗಳು: ಇಬ್ಬರು ಕುರುಬರು, ಮೂಗು ಮುರಿದ ಒಬ್ಬ ರಾಜ, ಒಂದು ಹಸು. ಹಬ್ಬ ಮುಗಿದ ಮೇಲೆ ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿಡುವುದು ನಮ್ಮ ಪದ್ಧತಿ.

“ಇಷ್ಟೇನಾ ಮೇಡಂ?” ವರದಿಗಾರ್ತಿಯ ಮುಖ ಸಣ್ಣದಾಯಿತು.

“ಇನ್ನೊಂದಿದೆ. ಒಂಟೆ.”

ಬಿಚ್ಚಿದವರೇ ಸುತ್ತಬೇಕೆಂದೆ. ಮಡಿಕೆ ಸರಿಬರದೆ ನಾಲ್ಕು ಸಲ ಬಿಚ್ಚಿಸಿದೆ. ಆ ದೃಶ್ಯ ಪ್ರಸಾರವಾಗಲಿಲ್ಲ. ಆದರೆ ಹೊರಡುವಾಗ ವರದಿಗಾರ್ತಿ ಹೇಳಿದಳು: “ಮೇಡಂ, ಈ ಕಾಂಪೌಂಡಿನಲ್ಲಿ ಮಾತಾಡುವವರು ನೀವೊಬ್ಬರೇ. ನಾಳೆ ಬೆಳಿಗ್ಗೆ ಲೈವ್ ಚರ್ಚೆಗೆ ಬನ್ನಿ.”

ಸ್ಟುಡಿಯೋದಲ್ಲಿ

ಶನಿವಾರ ಬೆಳಿಗ್ಗೆ ಬೇಗನೆ ಆ ತಂದೆ ಬಂದಿಳಿದರು. ಅವರನ್ನು ನಮ್ಮ ವಿಸಿಟರ್ಸ್ ಕೋಣೆಯ ಟೀವಿ ಮುಂದೆ, ಹುಡುಗಿಯರ ನಡುವೆ ಕೂಡಿಸಿ, “ನಿಮ್ಮ ರೈಲು ಮಧ್ಯಾಹ್ನ. ಇದನ್ನೂ ನೋಡಿ, ಆಮೇಲೆ ನಿಮ್ಮ ಇಷ್ಟ,” ಎಂದು ನಾನು ಆಟೋ ಹತ್ತಿದೆ.

ಸ್ಟುಡಿಯೋದಲ್ಲಿ ಟೈ ಕಟ್ಟಿದ ನಿರೂಪಕ, ಅವನ ಪಕ್ಕ ಒಬ್ಬ ‘ಗುಪ್ತ ಸಂಘಗಳ ತಜ್ಞ’.

“ತಾವು ಆ ಸಿನಿಮಾ ನೋಡಿದ್ದೀರಾ?” ತಜ್ಞನನ್ನು ಕೇಳಿದೆ.

“ಅದು ಮುಂದಿನ ಶುಕ್ರವಾರ ಬಿಡುಗಡೆ ಮೇಡಂ.”

ಅಲ್ಲಿಂದ ಇಬ್ಬರೂ ಕೂಗತೊಡಗಿದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ನಾನು ಆರು ಸಲ ಬಾಯಿ ತೆರೆದು ಆರು ಸಲ ಮುಚ್ಚಿದೆ. ಅತ್ತ ಒಂದು ಟ್ರಂಕು ಕಾಯುತ್ತಿತ್ತು. ಕೊನೆಗೆ, ಊಟದ ಕೋಣೆಯಲ್ಲಿ ಗದ್ದಲವಾದಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಮೂರು ಸಲ ಚಪ್ಪಾಳೆ ತಟ್ಟಿ, “ಗುಡ್ ಮಾರ್ನಿಂಗ್, ಚಿಲ್ಡ್ರನ್!” ಎಂದೆ.

ನಿರೂಪಕ ತಟ್ಟನೆ ಎದ್ದು, ಕೈ ಬೆನ್ನ ಹಿಂದೆ ಕಟ್ಟಿ, ರಾಗವಾಗಿ ಹಾಡಿದ: “ಗು—ಡ್ ಮಾ—ರ್ನಿಂಗ್, ಮಿ—ಸ್!” ಎದ್ದ ರಭಸಕ್ಕೆ ಕಾಲರಿನ ಮೈಕು ಕಿತ್ತು ಬಂತು.

ನಮ್ಮೂರ ಕಾನ್ವೆಂಟುಗಳಲ್ಲಿ ಚಿಕ್ಕ ಗಂಡುಮಕ್ಕಳನ್ನೂ ಸೇರಿಸಿಕೊಳ್ಳುವುದುಂಟು.

“ಎಷ್ಟನೇ ಕ್ಲಾಸಿನವರೆಗೆ ಕಾನ್ವೆಂಟು?” ಎಂದೆ.

“ನಾಲ್ಕನೇ, ಮಿಸ್.”

“ಅಲ್ಲಿ ಗುಪ್ತ ಸಂಘ ಇತ್ತೇ?”

“ಇಲ್ಲ, ಮಿಸ್.”

“ಏನು ಕಲಿಸಿದರು?”

“ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು, ಮಿಸ್.”

“ಸರಿ. ನಮ್ಮ ಸಿಸ್ಟರುಗಳು ವರ್ಷಕ್ಕೆ ಎಂಟು ದಿನ ಮೌನವಾಗಿರುತ್ತಾರೆ. ಗುಟ್ಟು ಅಷ್ಟೇ. ನೀನು ಒಂದು ಗಂಟೆ ಸುಮ್ಮನೆ ಇದ್ದು ನೋಡು. ಈಗ ಕೂತುಕೋ.”

ಅವನು ಕೂತ. ಅವನ ಪಕ್ಕ ತಜ್ಞನೂ ಕೂತ. ಅವನೂ ಎದ್ದಿದ್ದನ್ನು ನಾನು ಗಮನಿಸಿರಲಿಲ್ಲ.

ಹಾಸ್ಟೆಲಿಗೆ ಮರಳುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಟ್ರಂಕು ಮಂಚದ ಕೆಳಗೆ ಹೋಗಿತ್ತು. ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ತಂದೆ ಮಾತ್ರ ವಿಸಿಟರ್ಸ್ ಕೋಣೆಯ ನಡುವೆ ನೆಟ್ಟಗೆ ನಿಂತು ಫೋನಿನಲ್ಲಿ ಹೇಳುತ್ತಿದ್ದರು: “ಅವ್ವಾ, ಟೀವಿಯವನೂ ಸುಮ್ಮನಾದ ಅಂದ್ರ ನೀ ಯಾವ ಲೆಕ್ಕ? ಹುಡುಗಿ ಪರೀಕ್ಷಾ ಬರೀತಾಳ. ನೀ ಉಣ್ಣು.”

“ನಿಂತೇ ಇದ್ದೀರಲ್ಲ, ಯಾಕೆ?” ಎಂದೆ.

“ನೀವು ಚಪ್ಪಾಳಿ ಹೊಡೆದ ಕೂಡ್ಲೆ ಹುಡುಗ್ಯಾರೆಲ್ಲ ಎದ್ದು ನಿಂತ್ರರಿ. ನಾನೂ ನಿಂತೆ. ಆಮ್ಯಾಲ ಅವ್ರು ಓದಾಕ ಹೋದ್ರು. ನೀವು ಕೂತುಕೋ ಅಂದದ್ದು ಆ ಟೀವಿಯವಗ,” ಎಂದು ಅವರು ಕಾಲು ಬದಲಿಸಿದರು. “ನನಗ ಇನ್ನೂ ಅಂದಿಲ್ಲಲ್ರಿ, ಬಾಯಾರ.”