ಧನ್ಯವಾದ ಹೇಳಿ ಬಾಯಾರಿಕೊಂಡು ಎದ್ದುಹೋದ ಪರೀಕ್ಷಕರ ಕುರಿತು

ಸುಸ್ಥಿರತೆಯ ಸಾರ್ವಭೌಮರೂ, ಅಪ್ಪಟತನದ ಅಧಿಪತಿಗಳೂ, ತಣ್ಣನೆಯ ಮಾಟೆ ಕಷಾಯವನ್ನು ಡಬ್ಬಿಗೆ ತುಂಬಿ ಮಹಾನಗರಗಳಿಗೆ ದಯಪಾಲಿಸುತ್ತಿರುವವರೂ ಆದ ಪಾನೀಯ ಕಂಪನಿಯ ಮಾನ್ಯ ನಿರ್ದೇಶಕರೇ,

ಮಿಸಿಯೋನೆಸ್ ಸೀಮೆಯ ಕೆಂಪು ಧೂಳನ್ನು ಕೊಡವಿಕೊಂಡು, ಟೋಪಿ ತೆಗೆದು, ಮಾಟೆಗೆ ಹಾಕುವ ಯೆರ್ಬಾ ಎಲೆಯ ನಮ್ಮ ಬೆಳೆಗಾರರ ಸಹಕಾರ ಸಂಘದ ಪರವಾಗಿ ತಮಗೆ ನಡುಬಗ್ಗಿಸಿ ವಂದಿಸುತ್ತೇನೆ.

ನಮ್ಮ ಎಲೆ ‘ಅಪ್ಪಟ’ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ತಾವು ಕಳುಹಿಸಿದ ಶ್ರೀಯುತ ಬೆಲ್ಟ್ರಾಮಿನೊ ಅವರು, ಆಹಾ, ಎಂಥ ವಿನಯಶೀಲರು! ನಮ್ಮೂರ ಫ್ಲೋರಿಂದಾ ಅಜ್ಜಿಯ ಅಂಗಳದಲ್ಲಿ ನಾವೆಲ್ಲ ಸುತ್ತು ಕೂತಿದ್ದಾಗ, ಅಜ್ಜಿ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಹುಯ್ದು ಮೊದಲು ಅವರಿಗೇ ಕೊಟ್ಟಳು. ಅವರು ಅದರ ಹೀರುಕೊಳವೆಗೆ ಬಾಯಿಟ್ಟು ಕೊನೆಯ ಹನಿಯವರೆಗೂ ಹೀರಿ, ಬುರುಡೆ ಹಿಂದಿರುಗಿಸುತ್ತಾ ಎದೆಯ ಮೇಲೆ ಕೈಯಿಟ್ಟು “ಧನ್ಯವಾದ” ಅಂದರು. ಮಾನ್ಯರೇ, ಅಲ್ಲಿಗೆ ಪರದೆ ಬಿತ್ತು! ಮಾಟೆಯ ಸುತ್ತಿನಲ್ಲಿ ಸುಮ್ಮನೆ ಬುರುಡೆ ಮರಳಿಸಿದವರಿಗೆ ಮತ್ತೆ ಸಿಗುತ್ತದೆ. ಧನ್ಯವಾದ ಹೇಳಿದವರು ‘ನನಗಿನ್ನು ಸಾಕು’ ಎಂದಂತೆ. ಇದನ್ನು ಹೇಳಿಕೊಡಬೇಕೆಂದು ನಮಗಾರಿಗೂ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರಿಗೆ ಯಾರು ಹೇಳಿಕೊಡುತ್ತಾರೆ?

ಬುರುಡೆ ಅವರನ್ನು ದಾಟಿ ಪಕ್ಕದವರಿಗೆ ಹೋಯಿತು. ತಮ್ಮನ್ನು ಮರೆತರೇನೋ ಎಂದುಕೊಂಡ ಮಹನೀಯರು ನೆನಪಿಸಲೆಂದು ಇನ್ನಷ್ಟು ವಿನಯದಿಂದ ಮತ್ತೆ ಧನ್ಯವಾದ ಹೇಳಿದರು. ಬುರುಡೆ ಮತ್ತೆ ದಾಟಿತು. ಅವರು ಮತ್ತೂ ಗಟ್ಟಿಯಾಗಿ ಹೇಳಿದರು.

“ಗೊತ್ತಾಯ್ತಪ್ಪಾ, ಸಾಕು ಅಂದ್ಯಲ್ಲ! ಎಷ್ಟು ಸಲ ಹೇಳ್ತೀಯ?” ಎಂದಳು ಅಜ್ಜಿ.

“ಪಾಪ, ಹೊಟ್ಟೆ ಕೆಟ್ಟಿರ್ಬೇಕು ಕಣಜ್ಜಿ, ಮುಖ ನೋಡು ಹೆಂಗಾಗಿದೆ. ಚಿಪಾನೂ ಕೊಡ್ಬೇಡ” ಎಂದು ನನ್ನ ಭಾವಮೈದುನ ಲಾದಿಸ್ಲಾವೊ ಪಿಸುಗುಟ್ಟಿದ. ಅವನ ಪಿಸುಮಾತು ಹೊಳೆಯಾಚೆಗೂ ಕೇಳಿಸುತ್ತದೆ. ಹೀಗೆ ಚಿಪಾ ರೊಟ್ಟಿಯೂ ಅವರ ಮೂಗಿನ ಮುಂದೆಯೇ ಹಾದುಹೋಯಿತು.

ಅವರು ಬಾಯಾರಿದವರಾಗಿಯೇ ನಗರಕ್ಕೆ ಮರಳಿ ತಮಗೆ ವರದಿ ಒಪ್ಪಿಸಿದರು: ಈ ಊರಿನಲ್ಲಿ ಹೊರಗಿನವರನ್ನು ಸೇರಿಸಿಕೊಳ್ಳುವ ಅಪ್ಪಟ ಸಂಪ್ರದಾಯ ಅಳಿದುಹೋಗಿದೆ, ಆದ್ದರಿಂದ ಈ ವರ್ಷ ಇವರ ಎಲೆ ಬೇಡ. ನಮ್ಮೆಲ್ಲ ಮನೆಗಳ ವರ್ಷದ ದುಡಿಮೆ ಒಣಗಿ, ಮೂಟೆಗಟ್ಟಿ, ಕೊಟ್ಟಿಗೆಯಲ್ಲಿ ತಮ್ಮ ಲಾರಿಗಾಗಿ ಕಾಯುತ್ತಾ ಕೂತಿತ್ತು. ಲಾರಿಯ ಬದಲು ತಮ್ಮ ಹೊಸ ಡಬ್ಬಿ ಬಂತು. ಅದರ ಮೇಲೆ, ಪರೀಕ್ಷಕರೇ ಅಂದು ತೆಗೆದ ಚಿತ್ರದಲ್ಲಿ, ನಗುತ್ತಾ ನೀರು ಹುಯ್ಯುತ್ತಿರುವ ನಮ್ಮ ಫ್ಲೋರಿಂದಾ ಅಜ್ಜಿ! ಕೆಳಗೆ, “ಈ ಸುತ್ತಿನಲ್ಲಿ ಯಾರೂ ಪರಕೀಯರಲ್ಲ.”

ಡಬ್ಬಿ ತಿರುಗಿಸಿ ನೋಡಿದ ಅಜ್ಜಿ, “ನನ್ನ ಮುಖ ಅಪ್ಪಟ, ನನ್ನ ಎಲೆ ಕಲಬೆರಕೆನಾ?” ಎಂದಳು. ಪ್ರಶ್ನೆಯನ್ನು ತಮ್ಮ ಕಡೆಗೇ ದಾಟಿಸುತ್ತಿದ್ದೇನೆ. ಅವಳ ಅಜ್ಜನ ಕಾಲದಿಂದ ಊರಿಗೆಲ್ಲ ಕುಡಿಸುತ್ತಿರುವ ಆ ಒಂದೇ ಸೋರೆಬುರುಡೆಗೆ ಸುಸ್ಥಿರತೆಯ ಮುದ್ರೆಯಿಲ್ಲ. ಒಬ್ಬನೇ ಕುಡಿದು ಎಸೆಯುವ ತಮ್ಮ ಡಬ್ಬಿಗೆ ಮೂರು ಮುದ್ರೆಗಳಿವೆ. ತಮ್ಮ ಪ್ರತಿಭೆಗೆ ಚಪ್ಪಾಳೆ!

ಆದ್ದರಿಂದ ದಯಮಾಡಿ ನಮ್ಮ ಎಲೆ ಕೊಳ್ಳಬೇಕು; ಇಲ್ಲವೇ ಡಬ್ಬಿಯ ಮೇಲಿರುವ ಅಜ್ಜಿಯನ್ನು, ಆಕೆ ಹುಯ್ದ ನೀರಿನ ಸಮೇತ, ಮನೆಗೆ ಕಳುಹಿಸಿಕೊಡಬೇಕು; ಅದೂ ಆಗದಿದ್ದರೆ ಡಬ್ಬಿಗೆ ಇಡೀ ಬೀದಿಯನ್ನು ಸುತ್ತಿ ಬರುವಷ್ಟು ಉದ್ದದ ಕೊಳವೆಯನ್ನಾದರೂ ಜೋಡಿಸಬೇಕು. ಶ್ರೀಯುತರು ಮತ್ತೆ ಬರಲಿ, ಹೊಟ್ಟೆ ತುಂಬ ಕುಡಿಯಲಿ. ಬಾಯಿ ಮಾತ್ರ ಮುಚ್ಚಿಕೊಂಡಿರಲಿ.

ಬುರುಡೆ ಬರಿದಾಗುವವರೆಗೂ ತಮ್ಮ ವಿಶ್ವಾಸಿ,
ಅನಸ್ತಾಸಿಯೋ ಶೆವ್ಚುಕ್

ಸೇರಿಸಿದ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗಲೇ ತಮ್ಮ ಪತ್ರ ತಲುಪಿತು. ಬೇರೆ ಊರಿನ ಎಲೆಗೆ ರುಚಿಯಿಲ್ಲವಂತೆ, ನಮ್ಮ ಮೂಟೆಗಳನ್ನು ಕೂಡಲೇ ಕಳುಹಿಸಬೇಕಂತೆ. ಎಂಥ ಸಂತೋಷ! ಅದನ್ನು ಸುತ್ತಿನ ನಡುವೆ ನಿಂತು, ರಂಗದ ಮೇಲೆ ರಾಜಾಜ್ಞೆ ಓದಿದಂತೆ ಓದಿದೆ. ಕೊನೆಯ ಸಾಲು, “ಮುಂಗಡವಾಗಿ ಧನ್ಯವಾದಗಳು.” ಅಜ್ಜಿ ಕೆಟಲು ಕೆಳಗಿಟ್ಟಳು. “ಅವರೇ ಸಾಕು ಅಂದ್ರಲ್ಲಪ್ಪಾ, ಬಲವಂತ ಮಾಡ್ಬಾರ್ದು. ಪಕ್ಕದೋರಿಗೆ ಕೊಡು.” ಪಕ್ಕದಲ್ಲಿ ಕೂತಿದ್ದವರು ಅಪೋಸ್ತೊಲೆಸ್ ಊರಿನ ಎಲೆಗಿರಣಿಯ ಒಡತಿ. ಮೂಟೆಗಳು ಈಗ ಅವರ ಲಾರಿಗೆ ಏರುತ್ತಿವೆ. ಬೆಳಗಿನಿಂದ ಕುಡಿಯುತ್ತಲೇ ಇದ್ದಾರೆ, ಪುಣ್ಯಾತ್ಮರು. ಇನ್ನೂ ಧನ್ಯವಾದ ಹೇಳಿಲ್ಲ.